‘ಗ್ಯಾಸು’ ಎಂಬ ಒಂದೇ ಮಾತಿನ ಹಿಂದೆ: ಉಪಕೇಂದ್ರದಲ್ಲಿ ಹೊಟ್ಟೆನೋವನ್ನು ನೋಡುವ ಬಗೆ

ಹೊಟ್ಟೆನೋವನ್ನು ಹೇಳಿಕೊಳ್ಳಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಹೊಟ್ಟೆ ಹಿಂಡುತ್ತದೆ, ನುಲಿಯುತ್ತದೆ, ಕಿವುಚುತ್ತದೆ, ಉರಿಯುತ್ತದೆ, ಚುಚ್ಚುತ್ತದೆ, ತೊಳೆಸುತ್ತದೆ, ಉಬ್ಬರಿಸುತ್ತದೆ, ಕಲ್ಲಿನಂತೆ ಕಟ್ಟಿಕೊಳ್ಳುತ್ತದೆ. ಒಂದೊಂದು ಪದವೂ ಒಳಗೆ ನಡೆಯುತ್ತಿರುವ ಬೇರೆ ಬೇರೆ ಸಂಗತಿಯ ಸುಳಿವು. ಆದರೆ ನಮ್ಮ ಕೇಂದ್ರದ ಬಾಗಿಲಿಗೆ ಬರುವ ಹೊತ್ತಿಗೆ ಅವೆಲ್ಲ ಕರಗಿ ಒಂದೇ ಮಾತಾಗಿರುತ್ತವೆ. “ಗ್ಯಾಸು ಕಣಮ್ಮ, ಒಂದು ಇಂಜೆಕ್ಷನ್ ಹಾಕ್ಬಿಡು, ಹೊಲ್ದಾಗೆ ಕೆಲ್ಸ ಐತೆ” ಎಂದು ಹೇಳುವವರ ಮುಂದೆ ಕುಳಿತು, ಆ ಒಂದು ಮಾತನ್ನು ಬಿಡಿಸಿ ಮತ್ತೆ ಮೊದಲಿನ ಪದಗಳಿಗೆ ಹಿಂತಿರುಗಿಸುವುದೇ ನನ್ನ ಕೆಲಸದ ಬಹುಪಾಲು ಎಂದು ಈ ಕೆಲವು ವರ್ಷಗಳಲ್ಲಿ ನಾನು ಅರಿತುಕೊಂಡಿದ್ದೇನೆ.

ನಾನು ತುಮಕೂರು ಜಿಲ್ಲೆಯ ಒಂದು ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಬಿ.ಎಸ್ಸಿ. ನರ್ಸಿಂಗ್ ಓದಿ, ಅದರ ಮೇಲೆ ಸಮುದಾಯ ಆರೋಗ್ಯದ ಆರು ತಿಂಗಳ ತರಬೇತಿ ಪಡೆದು ಇಲ್ಲಿಗೆ ಬಂದವಳು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಆರಂಭಿಸಿದ ಶಿಕ್ಷಣದಿಂದ, ರೋಗಿಯನ್ನು ತಾನೇ ಪರೀಕ್ಷಿಸಿ ಚಿಕಿತ್ಸೆ ನೀಡುವ ‘ನರ್ಸ್ ಪ್ರಾಕ್ಟೀಷನರ್’ ಎಂಬ ವೃತ್ತಿ ಹುಟ್ಟಿತು. ನಮ್ಮಲ್ಲಿ 2018ರಿಂದ ಉಪಕೇಂದ್ರಗಳಿಗೆ ಬಂದ ನನ್ನಂಥವರಿಗೆ ಅವರಷ್ಟು ಅಧಿಕಾರವಾಗಲಿ ಸಲಕರಣೆಯಾಗಲಿ ಇಲ್ಲ. ಆದರೂ ರೋಗಿಯನ್ನು ಮೊದಲು ನೋಡುವವರು ನಾವೇ ಆದ್ದರಿಂದ ಹೊಣೆ ಮಾತ್ರ ಅದೇ ಬಗೆಯದು. ನನ್ನ ಮೇಜಿನ ಮೇಲೆ ಬಿ.ಪಿ. ಉಪಕರಣ, ಥರ್ಮಾಮೀಟರ್, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಸಕ್ಕರೆ ನೋಡುವ ಗ್ಲುಕೋಮೀಟರ್, ಮೂತ್ರ ಪರೀಕ್ಷೆಯ ಪಟ್ಟಿಗಳು, ಗರ್ಭ ಪರೀಕ್ಷೆಯ ಕಿಟ್ ಇವೆ. ಸ್ಕ್ಯಾನಿಂಗ್ ಇಲ್ಲ, ಇಸಿಜಿ ಇಲ್ಲ, ಶಸ್ತ್ರಚಿಕಿತ್ಸಕರು ತಾಲ್ಲೂಕು ಆಸ್ಪತ್ರೆಯಲ್ಲಿದ್ದಾರೆ. ಹಾಗಾಗಿ ಕಾಯಿಲೆಗೆ ಖಚಿತವಾದ ಹೆಸರಿಡುವುದು ನನ್ನ ಗುರಿಯಲ್ಲ. ಈ ವ್ಯಕ್ತಿ ಇಲ್ಲಿ ಕಾಯಬಹುದೇ, ನಾಳೆ ಬರಬಹುದೇ, ಅಥವಾ ಈಗಲೇ 108ಕ್ಕೆ ಕರೆ ಮಾಡಬೇಕೇ ಎಂಬುದನ್ನು ತಪ್ಪಿಲ್ಲದೆ ತೀರ್ಮಾನಿಸುವುದು ನನ್ನ ಗುರಿ.

ಎರಡು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ನಾನು ಆ ತೀರ್ಮಾನದಲ್ಲಿ ತಪ್ಪಿದ್ದೆ. ಮೂವತ್ತರ ಆಸುಪಾಸಿನ, ಇಬ್ಬರು ಮಕ್ಕಳ ತಾಯಿಯೊಬ್ಬರು ಕಡಲೆಕಾಯಿ ಹೊಲದ ಕಳೆಯನ್ನು ಅರ್ಧಕ್ಕೆ ಬಿಟ್ಟು, ಅತ್ತೆಯನ್ನು ಜೊತೆಗೆ ಕರೆದುಕೊಂಡು ಬಂದಿದ್ದರು. ಕಿಬ್ಬೊಟ್ಟೆಯ ಬಲಗಡೆ ನೋವು, ಮೂತ್ರಕ್ಕೆ ಹೋದಾಗ ಸ್ವಲ್ಪ ಹೆಚ್ಚು, ಬೆಳಗ್ಗೆಯಿಂದ ತಲೆಸುತ್ತು. ಮುಟ್ಟು ಯಾವಾಗ ಆಗಿತ್ತೆಂದು ನಾನು ಕೇಳಿದಾಗ ಅತ್ತೆಯೇ ಉತ್ತರಿಸಿದರು: “ಎರಡನೇ ಮಗೀಗೇ ಆಪ್ರೇಸನ್ ಮಾಡ್ಸೈತೆ ಕಣಮ್ಮ, ಅಂಥದ್ದೇನೂ ಇಲ್ಲ.” ಸೊಸೆ ತಲೆ ತಗ್ಗಿಸಿ ಕುಳಿತಿದ್ದರು. ನಾನೂ ಮುಂದಕ್ಕೆ ಕೇಳಲಿಲ್ಲ. ಮೂತ್ರದ ಸೋಂಕಿರಬೇಕೆಂದು ಬರೆದುಕೊಂಡು, ಮಾತ್ರೆ ಕೊಟ್ಟು, ಸ್ವಲ್ಪ ಹೊತ್ತು ಬೆಂಚಿನ ಮೇಲೆ ಸುಧಾರಿಸಿಕೊಳ್ಳಲು ಹೇಳಿದೆ. ಇಪ್ಪತ್ತು ನಿಮಿಷದ ನಂತರ ಮನೆಗೆ ಹೊರಡಲೆಂದು ಎದ್ದವರು ಗೋಡೆ ಹಿಡಿದು ಕುಸಿದರು. ಆಗ ನೋಡಿದರೆ ನಾಡಿ 124, ರಕ್ತದೊತ್ತಡ 90/60. ಅತ್ತೆಯನ್ನು ಎಳನೀರು ತರಲು ಕಳುಹಿಸಿ, ಪರದೆ ಎಳೆದು, ಅವರ ಪಕ್ಕ ಕುಳಿತು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ. ಮುಟ್ಟಾಗಿ ಏಳು ವಾರವಾಗಿತ್ತು. ನಾಲ್ಕು ದಿನದ ಹಿಂದೆ ಒಂದಿಷ್ಟು ಕಪ್ಪು ಬಣ್ಣದ ರಕ್ತ ಕಂಡದ್ದನ್ನೇ ತಡವಾಗಿ ಬಂದ ಮುಟ್ಟೆಂದು ಅವರು ಭಾವಿಸಿದ್ದರು. “ಬುಜಾನೂ ನೋಯ್ತೈತೆ ಅಕ್ಕ, ಕಳೆ ಕಿತ್ತಿದ್ದಕ್ಕೇನೋ” ಎಂದು ತಾವಾಗಿಯೇ ಹೇಳಿದರು. ಗರ್ಭ ಪರೀಕ್ಷೆಯ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದವು.

ಆ ದಿನ ಸಂಜೆಯೇ ಅವರಿಗೆ ಶಸ್ತ್ರಚಿಕಿತ್ಸೆಯಾಯಿತು. ಗರ್ಭ ನಿಂತದ್ದು ಗರ್ಭಕೋಶದಲ್ಲಿ ಅಲ್ಲ, ಗರ್ಭನಾಳದಲ್ಲಿ. ನಾಳ ಒಡೆದು ಹೊಟ್ಟೆಯೊಳಗೆ ಒಂದು ಲೀಟರಿಗೂ ಹೆಚ್ಚು ರಕ್ತ ಸೇರಿತ್ತು ಎಂದು ಆಮೇಲೆ ತಿಳಿಯಿತು. ಅವರು ಉಳಿದರು.

‘ಆಪರೇಷನ್ ಆಗಿದೆ’ ಎಂಬ ಉತ್ತರ ಗರ್ಭದ ಪ್ರಶ್ನೆಯನ್ನು ಮುಗಿಸುವುದಿಲ್ಲ, ಬದಲಿಗೆ ಇನ್ನಷ್ಟು ಗಂಭೀರವಾಗಿಸುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರ ಗರ್ಭ ನಿಲ್ಲುವುದು ಬಹಳ ಅಪರೂಪ, ನಿಜ. ಆದರೆ ಕಟ್ಟಿದ ಅಥವಾ ಕತ್ತರಿಸಿದ ನಾಳ ವರ್ಷಗಳ ನಂತರ ಎಲ್ಲೋ ಒಂದೆಡೆ ಸೂಕ್ಷ್ಮವಾಗಿ ತೆರೆದುಕೊಂಡರೆ, ವೀರ್ಯಾಣು ನುಸುಳುವಷ್ಟು ದಾರಿ ಸಿಕ್ಕರೂ ಫಲಿತ ಅಂಡ ಗರ್ಭಕೋಶಕ್ಕೆ ಇಳಿಯುವಷ್ಟು ದಾರಿ ಸಿಗದೆ, ಅದು ನಾಳದಲ್ಲೇ ನೆಲೆಯೂರುವ ಸಾಧ್ಯತೆ ಉಳಿದ ಹೆಂಗಸರಿಗಿಂತ ಎಷ್ಟೋ ಹೆಚ್ಚು. ಭುಜದ ನೋವಿಗೂ ಕಳೆ ಕಿತ್ತದ್ದಕ್ಕೂ ಸಂಬಂಧವಿರಲಿಲ್ಲ. ಹೊಟ್ಟೆಯೊಳಗೆ ಚೆಲ್ಲಿದ ರಕ್ತ ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪದರವನ್ನು) ಕೆರಳಿಸುತ್ತದೆ, ವಪೆಯ ನರ ಹುಟ್ಟುವುದು ಕುತ್ತಿಗೆಯ ಮಟ್ಟದಲ್ಲಿ, ಆದ್ದರಿಂದ ಮಿದುಳು ಆ ನೋವನ್ನು ಭುಜದ ತುದಿಯಲ್ಲಿ ಗುರುತಿಸುತ್ತದೆ. ಇದನ್ನೆಲ್ಲ ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಕೇಳಬಾರದವರ ಎದುರಿಗೆ ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಉತ್ತರವೆಂದೇ ಒಪ್ಪಿಕೊಂಡೆ. ಆ ತಪ್ಪು ನನ್ನದು, ಅತ್ತೆಯದಲ್ಲ. ಅಂದಿನಿಂದ, ಮುಟ್ಟಾಗುವ ವಯಸ್ಸಿನ ಯಾವ ಹೆಣ್ಣುಮಗಳು ಹೊಟ್ಟೆನೋವೆಂದು ಬಂದರೂ, ಮದುವೆಯಾಗಿರಲಿ ಬಿಡಲಿ, ಆಪರೇಷನ್ ಆಗಿರಲಿ ಬಿಡಲಿ, ಅವರೊಬ್ಬರನ್ನೇ ಪರದೆಯ ಹಿಂದೆ ಕೂರಿಸಿ ಮಾತನಾಡಿಸುತ್ತೇನೆ ಮತ್ತು ಅವರ ಒಪ್ಪಿಗೆ ಪಡೆದು ಮೂತ್ರದ ಗರ್ಭ ಪರೀಕ್ಷೆ ಮಾಡುತ್ತೇನೆ. ಹತ್ತು ನಿಮಿಷವೂ ಹಿಡಿಯದ ಈ ಪರೀಕ್ಷೆಗೆ ಸಮಾನವಾದ ಸಾಧನ ನನ್ನ ಕೋಣೆಯಲ್ಲಿ ಇನ್ನೊಂದಿಲ್ಲ.

ಕೇಳುವ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಎಲ್ಲಿ ನೋವು ಎಂದು ಕೇಳುವುದಕ್ಕಿಂತ ಮೊದಲು ಎಲ್ಲಿ ಶುರುವಾಯಿತು ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ. ಅಪೆಂಡಿಕ್ಸ್ ಊದಿಕೊಂಡಾಗ ಮೊದಲ ನೋವು ಹೊಕ್ಕುಳಿನ ಸುತ್ತ ಅಥವಾ ಎದೆಗುಳಿಯ ಕೆಳಗೆ, ಇಲ್ಲೇ ಎಂದು ಬೆರಳಿಟ್ಟು ತೋರಿಸಲಾಗದ ಹಾಗೆ, ಅಂಗೈ ಆಡಿಸಿ ತೋರಿಸುವ ಹಾಗೆ ಇರುತ್ತದೆ. ಕರುಳಿನ ನರಗಳಿಗೆ ಜಾಗ ಗುರುತಿಸುವ ಶಕ್ತಿ ಕಡಿಮೆ. ಊತ ಹೆಚ್ಚಿ ಹೊಟ್ಟೆಯ ಒಳಪೊರೆಗೆ ತಗುಲಿದ ಮೇಲೆ ಮಾತ್ರ ನೋವು ಬಲಗಡೆ ಕೆಳಕ್ಕೆ ಇಳಿದು ಒಂದು ಬೆರಳಿನಲ್ಲಿ ತೋರಿಸುವಂತಾಗುತ್ತದೆ. 1889ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಮೆಕ್‌ಬರ್ನಿ ವಿವರಿಸಿದ ಆ ಬಿಂದು ಇಂದಿಗೂ ನಮ್ಮ ಬೆರಳಿನ ದಾರಿ. ಅಂಗೈಯಿಂದ ಬೆರಳಿಗೆ ಬರುವ ಈ ಪಯಣವನ್ನು ರೋಗಿ ತಾನಾಗಿ ಹೇಳುವುದಿಲ್ಲ, ಕೇಳಬೇಕು. ವಾಂತಿ ಮೊದಲೋ ನೋವು ಮೊದಲೋ ಎಂಬುದನ್ನೂ ಕೇಳಬೇಕು. ಅಪೆಂಡಿಕ್ಸಿನಲ್ಲಿ ಸಾಮಾನ್ಯವಾಗಿ ನೋವು ಮುಂದೆ, ವಾಂತಿ ಹಿಂದೆ. ಊಟ ಕೆಟ್ಟು ಆಗುವ ವಾಂತಿಭೇದಿಯಲ್ಲಿ ಅನೇಕ ವೇಳೆ ಇದು ತಿರುಗುಮುರುಗಾಗಿರುತ್ತದೆ.

ಮಕ್ಕಳಾದರೆ ಮಾತಿಗಿಂತ ಆಟ ಒಳ್ಳೆಯದು. ಕುಂಟೆಬಿಲ್ಲೆ ಆಡುವಾಗಿನ ಹಾಗೆ ಬಲಗಾಲ ಮೇಲೆ ಎರಡು ಸಲ ಕುಪ್ಪಳಿಸು ಎನ್ನುತ್ತೇನೆ. ನಗುತ್ತಾ ಕುಪ್ಪಳಿಸುವ ಮಗುವಿನ ಹೊಟ್ಟೆಯಲ್ಲಿ ಒಳಪೊರೆಯ ಉರಿಯೂತ ಇರುವ ಸಂಭವ ಕಡಿಮೆ. ಒಂದು ಸಲ ಎಗರಿ ಹೊಟ್ಟೆ ಹಿಡಿದು ನಿಂತ ಮಗುವನ್ನು ನಾನು ಮನೆಗೆ ಕಳುಹಿಸುವುದಿಲ್ಲ. ದೊಡ್ಡವರಿಗೆ ಇದೇ ಪ್ರಶ್ನೆಯನ್ನು ಬೇರೆ ರೀತಿ ಕೇಳುತ್ತೇನೆ: ಬರುವಾಗ ಆಟೋ ಹಂಪು ಹತ್ತಿ ಇಳಿದಾಗ ಹೇಗಾಯಿತು? ಪ್ರಾಣ ಹೋದಂತಾಯಿತು ಎಂದವರ ಹೊಟ್ಟೆಯ ಮೇಲೆ ನಾನು ಹೆಚ್ಚು ಹಗುರವಾಗಿ ಕೈಯಿಡುತ್ತೇನೆ. ಅಂದಹಾಗೆ, ತೀವ್ರವಾಗಿದ್ದ ಅಪೆಂಡಿಕ್ಸ್ ನೋವು ಇದ್ದಕ್ಕಿದ್ದಂತೆ ಇಳಿದರೆ ಅದನ್ನು ಗುಣವೆಂದು ತಿಳಿಯಬಾರದು. ಅದು ಒಡೆದಾಗಲೂ ಸ್ವಲ್ಪ ಹೊತ್ತು ಹಾಗೆಯೇ ಹಿತವೆನಿಸುತ್ತದೆ.

ರೋಗಿ ಒಳಗೆ ಬರುವ ರೀತಿಯೇ ಅರ್ಧ ವಿಷಯ ಹೇಳುತ್ತದೆ. ಮೂತ್ರಪಿಂಡದ ಕಲ್ಲು ಕೆಳಕ್ಕೆ ಜಾರುತ್ತಿರುವವರು ಕುಳಿತಲ್ಲಿ ಕೂರಲಾರರು. ಎದ್ದು ಓಡಾಡುತ್ತಾರೆ, ಮಂಡಿಯೂರುತ್ತಾರೆ, ಪಕ್ಕೆಯಿಂದ ತೊಡೆಸಂದಿನವರೆಗೆ ಕೈಯಾಡಿಸುತ್ತಾರೆ. ಜಠರದ ಹುಣ್ಣು ತೂತಾದವರು ಮಿಸುಕಾಡುವುದೇ ಇಲ್ಲ. ಮಂಡಿ ಮಡಚಿ, ಉಸಿರನ್ನೂ ಮೇಲೆಮೇಲೆ ಎಳೆದುಕೊಳ್ಳುತ್ತಾ, ಮಂಚಕ್ಕೆ ಯಾರಾದರೂ ತಗುಲಿದರೂ ಮುಖ ಕಿವುಚುತ್ತಾರೆ. ಅವರ ಹೊಟ್ಟೆ ಮುಟ್ಟಿದರೆ ಹಲಗೆ ಮುಟ್ಟಿದಂತೆ. ನಮ್ಮ ಕಡೆ ಮಂಡಿನೋವಿಗೆಂದು ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆಯನ್ನು ತಿಂಗಳಾನುಗಟ್ಟಲೆ ಬರಿಹೊಟ್ಟೆಯಲ್ಲಿ ನುಂಗುವ ಅಜ್ಜಿಯರು ಬಹಳ. ಆ ಮಾತ್ರೆಗಳು ಜಠರದ ಒಳಪದರದ ರಕ್ಷಣೆಯನ್ನು ತೆಗೆದುಹಾಕುತ್ತವೆ. ಆದ್ದರಿಂದ ಯಾವ ಕಾಯಿಲೆಗೆ ಮಾತ್ರೆ ತಗೋತೀರಿ ಎಂದು ಕೇಳಿದರೆ ಸಾಲದು, ‘ಮಂಡಿಗೆ, ಸೊಂಟಕ್ಕೆ ಏನು ನುಂಗ್ತೀರಿ ಅಜ್ಜಿ’ ಎಂದೇ ಕೇಳಬೇಕು. ನೋವಿನ ಮಾತ್ರೆಯನ್ನು ಅವರು ಔಷಧಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ವಯಸ್ಸಾದವರಲ್ಲಿ ಇನ್ನೊಂದು ಕಷ್ಟವಿದೆ. ಅವರ ಹೊಟ್ಟೆಯೊಳಗೆ ದೊಡ್ಡ ಅನಾಹುತವೇ ನಡೆದಿದ್ದರೂ ಜ್ವರ ಏರದಿರಬಹುದು, ಹೊಟ್ಟೆ ಗಟ್ಟಿಯಾಗದಿರಬಹುದು. ಮುಟ್ಟಿದರೆ ಮೆತ್ತಗಿದೆ, ನೋವು ಮಾತ್ರ ತಡೆಯಲಾಗುತ್ತಿಲ್ಲ ಎನ್ನುವ, ನಾಡಿ ಅಡ್ಡಾದಿಡ್ಡಿ ಬಡಿಯುವ ಮುದುಕರಲ್ಲಿ ಕರುಳಿಗೆ ಹೋಗುವ ರಕ್ತನಾಳ ಮುಚ್ಚಿರುವ ಸಾಧ್ಯತೆಯನ್ನು ಮರೆಯಬಾರದು.

ಮುಟ್ಟಿ ನೋಡುವಾಗ ನೋವಿಲ್ಲದ ಕಡೆಯಿಂದ ಆರಂಭಿಸಿ ನೋವಿರುವಲ್ಲಿಗೆ ಕೊನೆಗೆ ಹೋಗುವುದು, ಕೈಯನ್ನಲ್ಲ ಮುಖವನ್ನು ನೋಡುತ್ತಿರುವುದು, ಇವು ಎಲ್ಲರಿಗೂ ಕಲಿಸುವ ಪಾಠ. ಎಲ್ಲರೂ ಬಿಟ್ಟುಬಿಡುವ ಪಾಠವೊಂದಿದೆ. ಸಂಕೋಚದಿಂದಾಗಿ ನಾವು ತೊಡೆಸಂದಿನವರೆಗೆ ಬಟ್ಟೆ ಸರಿಸಿ ನೋಡುವುದಿಲ್ಲ. ಹೊಟ್ಟೆ ಉಬ್ಬಿ, ವಾಂತಿಯಾಗುತ್ತಾ, ಮಲವೂ ಗಾಳಿಯೂ ಹೋಗದೆ ಬಂದವರ ತೊಡೆಸಂದಿನಲ್ಲಿ ಸಿಕ್ಕಿಕೊಂಡ ಹರ್ನಿಯಾ ಇರಬಹುದು. ಹೊಟ್ಟೆನೋವೆಂದು ಬಂದ ಹದಿಮೂರು ಹದಿನಾಲ್ಕರ ಹುಡುಗ ನಿಜವಾಗಿ ವೃಷಣದ ನೋವನ್ನು ಹೇಳಲು ನಾಚಿ ಹೊಟ್ಟೆಯನ್ನು ತೋರಿಸುತ್ತಿರಬಹುದು. ವೃಷಣ ತಿರುಚಿಕೊಂಡಿದ್ದರೆ ಅದನ್ನು ಉಳಿಸಿಕೊಳ್ಳಲು ಸಿಗುವುದು ಸುಮಾರು ಆರು ಗಂಟೆ, ಅದರಲ್ಲಿ ಎಷ್ಟೋ ಹೊತ್ತು ಮನೆಯಲ್ಲೇ ಕಳೆದಿರುತ್ತದೆ. ಹುಡುಗರ ವಿಷಯದಲ್ಲಿ ನಾನು ತಂದೆಯನ್ನೋ ಅಣ್ಣನನ್ನೋ ಜೊತೆಗಿರಿಸಿಕೊಂಡು, ಏಕೆ ನೋಡಬೇಕೆಂದು ಹೇಳಿ, ನೋಡುತ್ತೇನೆ.

ಹೊಟ್ಟೆಯದಲ್ಲದ ಹೊಟ್ಟೆನೋವುಗಳೇ ನನಗೆ ಹೆಚ್ಚು ಭಯ ಹುಟ್ಟಿಸುವಂಥವು. ಕಳೆದ ವರ್ಷ ಬೆಳಗಿನ ಜಾವ ಕೂಲಿ ಕಾರ್ಮಿಕರೊಬ್ಬರನ್ನು ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ನನ್ನ ವಸತಿಗೆ ಕರೆತಂದರು. ರಾತ್ರಿ ಚೆನ್ನಾಗಿ ಉಂಡು ತೋಟದ ಶೆಡ್ಡಿನಲ್ಲಿ ನೆಲದ ಮೇಲೆ ಮಲಗಿದ್ದವರು ನಾಲ್ಕು ಗಂಟೆಗೆ ಹೊಟ್ಟೆ ನುಲಿತದಿಂದ ಎದ್ದಿದ್ದರು, ಎರಡು ಸಲ ವಾಂತಿಯಾಗಿತ್ತು. ಬಟ್ಟಿ ಜಾರಿದೆ ಎಂದು ಯಾರೋ ಹೊಕ್ಕುಳ ಸುತ್ತ ಎಣ್ಣೆ ಹಚ್ಚಿ ನೀವಿದ್ದರು. ಹೊಟ್ಟೆ ಮೆತ್ತಗಿತ್ತು, ಜ್ವರವಿರಲಿಲ್ಲ. ಮಾತನಾಡಿಸುವಾಗ ಅವರ ಕಣ್ಣಿನ ರೆಪ್ಪೆಗಳು ಅರ್ಧಕ್ಕೆ ಇಳಿದಿದ್ದನ್ನು ನೋಡಿದೆ. ನಿದ್ದೆಗಣ್ಣು ಎಂದು ಜೊತೆಯವರು ಹೇಳಿದರು. ಮೇಲೆ ನೋಡಿ ಎಂದರೆ ರೆಪ್ಪೆ ಎತ್ತಲಾಗಲಿಲ್ಲ, ಉಗುಳು ನುಂಗಲು ಕಷ್ಟಪಡುತ್ತಿದ್ದರು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ. ಅದರ ಕಡಿತಕ್ಕೆ ನೋವಿಲ್ಲ, ಊತವಿಲ್ಲ, ಗುರುತೂ ಕಾಣದಿರಬಹುದು. ಮೊದಲ ಲಕ್ಷಣವಾಗಿ ಬರುವುದು ಎಷ್ಟೋ ಸಲ ಬರೀ ಹೊಟ್ಟೆನೋವು ಮತ್ತು ವಾಂತಿ, ಆಮೇಲೆ ರೆಪ್ಪೆ ಇಳಿಯುತ್ತದೆ, ನಾಲಿಗೆ ತೊದಲುತ್ತದೆ, ಕೊನೆಗೆ ಉಸಿರಾಡಿಸುವ ಸ್ನಾಯುಗಳು ಸೋಲುತ್ತವೆ. ವಿಷನಿರೋಧಕ ಚುಚ್ಚುಮದ್ದು ಮತ್ತು ಕೃತಕ ಉಸಿರಾಟ ಇರುವಲ್ಲಿಗೆ ಅವರನ್ನು ಕಳುಹಿಸಿದೆವು, ಹತ್ತು ದಿನದ ನಂತರ ನಡೆದುಕೊಂಡು ಮನೆಗೆ ಬಂದರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸ್ಥಿತಿಯೆಂದು ಘೋಷಿಸಿದ್ದು ಒಳ್ಳೆಯ ಹೆಜ್ಜೆ. ಆದರೆ ಹಾವು ಕಚ್ಚಿದ್ದೇ ಗೊತ್ತಿಲ್ಲದವರನ್ನು ಗುರುತಿಸುವುದು ಬಾಗಿಲಲ್ಲಿ ಕುಳಿತ ನಮ್ಮ ಕೆಲಸ. ಬೆಳಗಿನ ಜಾವದ ಹೊಟ್ಟೆನೋವಿಗೆ ನಾನು ಕೇಳುವ ಮೊದಲ ಪ್ರಶ್ನೆ ಈಗ ‘ರಾತ್ರಿ ಎಲ್ಲಿ ಮಲಗಿದ್ದಿರಿ’ ಎಂಬುದು.

ಅದೇ ರೀತಿ ಎದೆಗುಳಿಯ ಕೆಳಗೆ ಹಿಂಡಿದಂತಾಗಿ, ಬೆವರಿ, ಓಕರಿಕೆ ಬರುವ ಐವತ್ತು ದಾಟಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಿಗೆ, ಗ್ಯಾಸಿನ ಚುಚ್ಚುಮದ್ದು ಕೊಟ್ಟು ಕಳುಹಿಸುವುದನ್ನು ನಾನು ಪೂರ್ತಿ ನಿಲ್ಲಿಸಿದ್ದೇನೆ. ಹೃದಯದ ಕೆಳಭಾಗಕ್ಕೆ ರಕ್ತ ನಿಂತಾಗ ನೋವು ಎದೆಯಲ್ಲಿ ಕಾಣದೆ ಮೇಲ್ಹೊಟ್ಟೆಯಲ್ಲೇ ಕಾಣಬಹುದು. ಅಂಥವರಿಗೆ ಇಸಿಜಿ ಆಗುವವರೆಗೆ ಅದು ಗ್ಯಾಸಲ್ಲ. “ಇಷ್ಟಕ್ಕೆಲ್ಲ ಆಸ್ಪತ್ರೆಗಾ ತಾಯಿ” ಎಂದು ಬೇಸರಪಟ್ಟುಕೊಂಡು ಹೋದವರಲ್ಲಿ ಹೆಚ್ಚಿನವರಿಗೆ ಏನೂ ಇರುವುದಿಲ್ಲ. ಆ ಬೇಸರವನ್ನು ನಾನು ಹೊರಲು ಸಿದ್ಧಳಿದ್ದೇನೆ.

ಮಳೆಗಾಲದಲ್ಲಿ ಡೆಂಗಿ ಇರುತ್ತದೆ. ಮೂರು ನಾಲ್ಕು ದಿನ ಜ್ವರ ಬಂದು, ಜ್ವರ ಇಳಿಯುವ ಹೊತ್ತಿಗೇ ಹೊಟ್ಟೆನೋವು ಮತ್ತು ನಿಲ್ಲದ ವಾಂತಿ ಶುರುವಾದರೆ ಅದು ಅಪಾಯದ ಸೂಚನೆ, ಚೇತರಿಕೆಯದಲ್ಲ. ಮನೆಯವರು ಜ್ವರ ಬಿಟ್ಟಿತೆಂದು ನಿರಾಳವಾಗಿರುವ ಆ ದಿನವೇ ರಕ್ತದ ದ್ರವಾಂಶ ನಾಳಗಳಿಂದ ಸೋರುತ್ತಿರುತ್ತದೆ. ವಾಂತಿಯೊಂದಿಗೆ ಹೊಟ್ಟೆನೋವಿರುವ, ಬಾಯಾರಿಕೆಯಿಂದ ಬಳಲುವ, ಸೊರಗಿದ ಮಕ್ಕಳಿಗೆ ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ನೋಡಲೇಬೇಕು. ಹಿಂದೆಂದೂ ಸಕ್ಕರೆ ಕಾಯಿಲೆ ಇಲ್ಲದ ಮನೆಯಲ್ಲೂ ಅದು ಹೀಗೆಯೇ ಮೊದಲ ಬಾರಿಗೆ ಬಾಗಿಲು ತಟ್ಟುತ್ತದೆ. ಹೊಲಕ್ಕೆ ಔಷಧಿ ಹೊಡೆದು ಬಂದವರ ಹೊಟ್ಟೆ ನುಲಿತ, ಜೊಲ್ಲು, ಬೆವರು, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಕೀಟನಾಶಕದ ವಿಷದ ಈ ಗುರುತುಗಳನ್ನು ಒಟ್ಟಿಗೆ ನೋಡಿದವರು ಮರೆಯುವುದಿಲ್ಲ.

ನೋವಿನ ಔಷಧಿಯ ಬಗ್ಗೆ ಒಂದು ಮಾತು. ಶಸ್ತ್ರಚಿಕಿತ್ಸಕರು ನೋಡುವ ಮೊದಲು ನೋವು ಕಡಿಮೆ ಮಾಡಿದರೆ ಕಾಯಿಲೆ ಮುಚ್ಚಿಹೋಗುತ್ತದೆ ಎಂದು ನನಗೆ ಕಲಿಸಿದವರೂ ನಂಬಿದ್ದರು. ನಂತರದ ಅಧ್ಯಯನಗಳು ಅದನ್ನು ಎತ್ತಿಹಿಡಿಯಲಿಲ್ಲ. ಸೂಕ್ತ ನೋವುನಿವಾರಕ ಕೊಟ್ಟರೂ ಸರಿಯಾದ ರೋಗನಿರ್ಣಯಕ್ಕೆ ಅಡ್ಡಿಯಾಗುವುದಿಲ್ಲ. ಆದ್ದರಿಂದ ವೈದ್ಯಾಧಿಕಾರಿಗಳಿಗೆ ಫೋನಿನಲ್ಲಿ ವಿವರ ಹೇಳುವಾಗಲೇ ನೋವಿಗೆ ಏನು ಕೊಡಲಿ ಎಂದು ಕೇಳಿ, ಅವರು ಹೇಳಿದ್ದನ್ನು ಕೊಟ್ಟು, ಕೊಟ್ಟ ಸಮಯವನ್ನು ಚೀಟಿಯ ಮೇಲೆ ಬರೆಯುತ್ತೇನೆ. ಅದೇ ಚೀಟಿಯಲ್ಲಿ ನೋವು ಶುರುವಾದ ಗಂಟೆ, ಕೊನೆಯ ಊಟದ ಗಂಟೆ, ಕೊನೆಯ ಮುಟ್ಟಿನ ದಿನಾಂಕ, ಗರ್ಭ ಪರೀಕ್ಷೆಯ ಫಲಿತಾಂಶ ಮತ್ತು ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ ಎಣಿಸಿದ ನಾಡಿ ಇರುತ್ತವೆ. ನಾಡಿಗೆ ನಾನು ಇಷ್ಟು ಬೆಲೆ ಕೊಡುವುದಕ್ಕೆ ಕಾರಣವಿದೆ. ವಯಸ್ಸಿನಲ್ಲಿ ಚಿಕ್ಕವರು ಸಾಕಷ್ಟು ರಕ್ತ ಕಳೆದುಕೊಂಡರೂ ರಕ್ತದೊತ್ತಡವನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತಾರೆ, ಬಿ.ಪಿ. ಬೀಳುವ ಹೊತ್ತಿಗೆ ತಡವಾಗಿರುತ್ತದೆ. ಮೊದಲು ಸುಳಿವು ಕೊಡುವುದು ನಾಡಿ. ಆ ಮಧ್ಯಾಹ್ನ ಅವರು ಬಂದ ತಕ್ಷಣ ನಾನು ನಾಡಿ ಎಣಿಸಿದ್ದರೆ ಇಪ್ಪತ್ತು ನಿಮಿಷ ಉಳಿಯುತ್ತಿತ್ತು.

ಇಷ್ಟೆಲ್ಲ ನೋಡಿದ ಮೇಲೂ ಬಹಳಷ್ಟು ಹೊಟ್ಟೆನೋವುಗಳಿಗೆ ಆ ಹೊತ್ತಿಗೆ ಹೆಸರು ಸಿಗುವುದಿಲ್ಲ. ನಾಡಿ ಸರಿಯಿದೆ, ಹೊಟ್ಟೆ ಮೆತ್ತಗಿದೆ, ಆದರೆ ಏನೋ ಇದೆ. ಇಂಥವರಿಗೆ ‘ಹೊಟ್ಟೆ ಕೆಟ್ಟಿದೆ’ ಎಂಬ ಹೆಸರಿಟ್ಟು ಕಳುಹಿಸುವ ಬದಲು ‘ಕಾರಣ ತಿಳಿದಿಲ್ಲ, ಮತ್ತೆ ನೋಡಬೇಕು’ ಎಂದೇ ಪುಸ್ತಕದಲ್ಲಿ ಬರೆಯುವುದನ್ನು ರೂಢಿಸಿಕೊಂಡಿದ್ದೇನೆ. ತಪ್ಪು ಹೆಸರು ಒಮ್ಮೆ ಬರೆದಾದ ಮೇಲೆ ಮುಂದೆ ನೋಡುವವರೂ ಅದನ್ನೇ ಓದುತ್ತಾರೆ. ಮೊದಲು ಚೆನ್ನಾಗಿದ್ದವರ ಜೋರಾದ ನೋವು ಆರು ಗಂಟೆ ದಾಟಿಯೂ ಇಳಿಯದಿದ್ದರೆ ಶಸ್ತ್ರಚಿಕಿತ್ಸಕರೇ ನೋಡಬೇಕೆಂಬ ಹಳೆಯ ನಿಯಮವನ್ನು ನಾನು ಈಗಲೂ ಪಾಲಿಸುತ್ತೇನೆ. ಉಳಿದವರ ಮನೆಗೆ ಸಂಜೆ ಆಶಾ ಕಾರ್ಯಕರ್ತೆ ಹೋಗುತ್ತಾರೆ: ನೋವು ಜಾಗ ಬದಲಿಸಿದೆಯೇ, ಊಟ ಸೇರಿತೇ, ಗಾಳಿ ಹೋಯಿತೇ, ನಡೆಯುವಾಗ ಬಾಗಿ ನಡೆಯುತ್ತಾರೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ ನನಗೆ ಫೋನ್ ಮಾಡುತ್ತಾರೆ.

ನಿನ್ನೆ ಬೆಳಗ್ಗೆ ಹೊಕ್ಕುಳ ಸುತ್ತ ನೋವೆಂದು ಬಂದು, ಕುಂಟೆಬಿಲ್ಲೆ ಚೆನ್ನಾಗಿಯೇ ಕುಪ್ಪಳಿಸಿ ಮನೆಗೆ ಹೋಗಿದ್ದ ಒಂಬತ್ತು ವರ್ಷದ ಹುಡುಗನ ಮನೆಯಿಂದ ಸಂಜೆ ಆರೂವರೆಗೆ ಅವರು ಕರೆ ಮಾಡಿದರು. ಊಟ ಬೇಡವೆಂದಿದ್ದಾನೆ, ನೋವು ಈಗ ಬಲಗಡೆ ಕೆಳಗಿದೆ, ಬೆರಳಿಟ್ಟು ತೋರಿಸುತ್ತಿದ್ದಾನೆ ಎಂದರು. ಎಂಟು ಗಂಟೆಗೆ ಅವನು ತಾಲ್ಲೂಕು ಆಸ್ಪತ್ರೆಯಲ್ಲಿದ್ದ. ಇದನ್ನು ಬರೆಯುವ ಹೊತ್ತಿಗೆ ಅಪೆಂಡಿಕ್ಸ್ ಒಡೆಯುವ ಮೊದಲೇ ತೆಗೆದಾಗಿದೆ ಎಂದು ಅವನ ತಾಯಿ ತಿಳಿಸಿದ್ದಾರೆ.